ಜಿಡಿಸಿಯಲ್ಲಿ ಗೇಮ್ ಆಡಿಯೊ ಬಳಗವನ್ನು ಸೇರುವುದು ಹೇಗೆ: ಮೊದಲ ಸಲ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ವಿಡಿಯೊ ಗೇಮ್‌ಗಳಿಗೆ ಸದ್ದು, ಸಂಗೀತ ಮತ್ತು ಸಂಭಾಷಣೆಯನ್ನು ರೂಪಿಸುವ ಕೆಲಸಕ್ಕೆ ಇಳಿದಿರುವ ಓದುಗರು ವರ್ಷದ ಕೊನೆ ಸಮೀಪಿಸುತ್ತಿದ್ದಂತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ಗೆ, ಅಂದರೆ ಜಿಡಿಸಿಗೆ, ಹೋಗಬೇಕೆ? ಹೋದರೆ ಯಾವ ಪಾಸ್ ಕೊಳ್ಳಬೇಕು? ಅಲ್ಲಿ ಸೇರುವ ಗೇಮ್ ಆಡಿಯೊದವರ ಬಳಗದಲ್ಲಿ ಪರಿಚಯವಿಲ್ಲದ ಒಬ್ಬರು ಸ್ಥಾನ ಕಂಡುಕೊಳ್ಳುವುದು ಹೇಗೆ? ಈ ಮೂರಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂಬುದು ಈ ಲೇಖನದ ಉದ್ದೇಶ.

ಮೊದಲು ಸಂದರ್ಭವನ್ನು ತಿಳಿದುಕೊಳ್ಳಿ. ಜಿಡಿಸಿ ಆರಂಭವಾದದ್ದು 1988ರಲ್ಲಿ, ಗೇಮ್ ವಿನ್ಯಾಸಕ ಕ್ರಿಸ್ ಕ್ರಾಫರ್ಡ್ ಅವರ ಮನೆಯಲ್ಲಿ ಸೇರಿದ ಕೆಲವೇ ಮಂದಿಯಿಂದ. ಇಂದು ಅದು ಮಾಸ್ಕೋನ್ ಸೆಂಟರ್ ಎಂಬ ವಿಶಾಲ ಸಭಾ ಸಂಕೀರ್ಣವನ್ನು ತುಂಬುವ, ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ನಡೆಯುವ ಸಮ್ಮೇಳನ. ಪ್ರೋಗ್ರಾಮಿಂಗ್, ಚಿತ್ರಕಲೆ, ವಿನ್ಯಾಸ, ವ್ಯಾಪಾರ ಎಲ್ಲಕ್ಕೂ ಅಲ್ಲಿ ಪ್ರತ್ಯೇಕ ವಿಭಾಗಗಳಿದ್ದು, ಆಡಿಯೊ ಅವುಗಳಲ್ಲಿ ಒಂದು. ಸಾವಿರಾರು ಮಂದಿ ಸೇರುವ ಜಾಗದಲ್ಲಿ ಧ್ವನಿಯವರ ಸಂಖ್ಯೆ ಚಿಕ್ಕದು. ಚಿಕ್ಕದಾದ ಕಾರಣಕ್ಕೇ ಅವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಒಟ್ಟುಗೂಡುತ್ತಾರೆ. ಒಂದು ಸ್ಟುಡಿಯೊದಲ್ಲಿ ಐವತ್ತು ಕಲಾವಿದರಿದ್ದರೆ ಧ್ವನಿಗೆ ಒಬ್ಬರೋ ಇಬ್ಬರೋ ಇರುತ್ತಾರೆ; ವರ್ಷವಿಡೀ ತಮ್ಮ ಕೆಲಸದ ಭಾಷೆ ಅರ್ಥವಾಗುವ ಇನ್ನೊಬ್ಬರಿಲ್ಲದೆ ದುಡಿದವರಿಗೆ ಆ ಐದು ದಿನಗಳು ಬಹಳ ಮುಖ್ಯ. ಹೊಸಬರನ್ನು ಅವರು ಆದರದಿಂದ ಕಾಣುವುದರ ಹಿಂದಿನ ಕಾರಣವೂ ಇದೇ ಎಂದು ನಾನು ನಂಬುತ್ತೇನೆ. ಈ ಬಳಗಕ್ಕೆ ಔಪಚಾರಿಕ ರೂಪ ಕೊಟ್ಟ ಸಂಸ್ಥೆಗಳಲ್ಲಿ ಗೇಮ್ ಆಡಿಯೊ ನೆಟ್‌ವರ್ಕ್ ಗಿಲ್ಡ್ ಪ್ರಮುಖವಾದುದು. 2002ರಲ್ಲಿ ಸ್ಥಾಪನೆಯಾದ ಈ ಲಾಭರಹಿತ ಸಂಘವನ್ನು ಎಲ್ಲರೂ ‘ಗ್ಯಾಂಗ್’ ಎಂದೇ ಕರೆಯುತ್ತಾರೆ. ಆದರೆ ಬಳಗದ ಜೀವಂತ ಭಾಗ ಸಂಘಗಳ ಹೊರಗೆ, ಸಭಾಂಗಣದ ಹೊರಗೆ, ಕಾಫಿ ಲೋಟ ಹಿಡಿದು ನಿಂತ ಗುಂಪುಗಳಲ್ಲಿದೆ. ಈ ಮಾತನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳ ಹಿಂದಿನ ತರ್ಕ ಸ್ಪಷ್ಟವಾಗುತ್ತದೆ.

1. ಈ ವರ್ಷ ಹೋಗಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿ

ವಿಮಾನ, ವಸತಿ, ಪಾಸ್, ವೀಸಾ ಎಲ್ಲ ಸೇರಿ ಎರಡು ಲಕ್ಷ ರೂಪಾಯಿಯೊಳಗೆ ಈ ಪ್ರಯಾಣ ಮುಗಿಯುವುದು ಕಷ್ಟ. ಆದ್ದರಿಂದ ಸಾಲ ಮಾಡಿ ಹೋಗುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಒಂದಾದರೂ ಆಟದಲ್ಲಿ, ಅದು ಗೆಳೆಯರು ಸೇರಿ ಮಾಡಿದ ಪುಟ್ಟ ಆಟವಾಗಿದ್ದರೂ ಸರಿ, ನಿಮ್ಮ ಸದ್ದುಗಳು ನಿಜವಾಗಿ ಕೆಲಸ ಮಾಡುತ್ತಿದ್ದರೆ ಹೋಗುವುದಕ್ಕೆ ಅರ್ಥವಿದೆ. ಇನ್ನೂ ಅಲ್ಲಿಗೆ ತಲುಪಿಲ್ಲವಾದರೆ ಈ ಲೇಖನದ ಒಂಬತ್ತನೆಯ ಹಂತದಿಂದ ಆರಂಭಿಸುವುದು ಲೇಸು.

ಸಾಮಾನ್ಯ ತಪ್ಪು: ‘ಹೋದರೆ ಕೆಲಸ ಸಿಗುತ್ತದೆ’ ಎಂಬ ನಿರೀಕ್ಷೆ. ಸಮ್ಮೇಳನದ ವಾರದಲ್ಲೇ ಕೆಲಸ ಸಿಕ್ಕವರು ವಿರಳ. ಅಲ್ಲಿ ಆದ ಪರಿಚಯ ಒಂದೆರಡು ವರ್ಷಗಳ ನಂತರ ಫಲ ಕೊಡುವುದೇ ಹೆಚ್ಚು.

2. ವೀಸಾ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ

ಸಮ್ಮೇಳನದಲ್ಲಿ ಭಾಗವಹಿಸಲು ಅಮೆರಿಕದ ಬಿ1/ಬಿ2 ಸಂದರ್ಶಕ ವೀಸಾ ಬೇಕು. ಡಿಎಸ್-160 ಎಂಬ ಆನ್‌ಲೈನ್ ಅರ್ಜಿಯನ್ನು ತುಂಬಿ, ಶುಲ್ಕ ಕಟ್ಟಿ, ಸಂದರ್ಶನದ ದಿನಾಂಕ ಪಡೆಯಬೇಕು. ಭಾರತದಲ್ಲಿ ಮೊದಲ ಸಲ ಅರ್ಜಿ ಹಾಕುವವರಿಗೆ ದಿನಾಂಕ ಸಿಗಲು ಹಲವು ತಿಂಗಳು ಕಾಯಬೇಕಾಗಿ ಬರುವುದು ಹೊಸದೇನಲ್ಲ. ಹಾಗಾಗಿ ಮಾರ್ಚ್ ಸಮ್ಮೇಳನಕ್ಕೆ ಜನವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಬೆಂಗಳೂರಿನ ಅಮೆರಿಕ ದೂತಾವಾಸ ಕಚೇರಿ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆಗ ಅಲ್ಲಿ ವೀಸಾ ಸೇವೆ ಶುರುವಾಗಿರಲಿಲ್ಲ; ಕರ್ನಾಟಕದವರು ಚೆನ್ನೈ, ಹೈದರಾಬಾದ್‌ನಂಥ ಊರುಗಳಿಗೆ ಹೋಗಿಬರುತ್ತಿದ್ದರು. ಅರ್ಜಿ ಹಾಕುವ ದಿನ ಸೇವೆ ಎಲ್ಲಿದೆ ಎಂದು ನೋಡಿಕೊಂಡು ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಎಚ್ಚರಿಕೆ: ಸಂದರ್ಶನದಲ್ಲಿ ‘ಕೆಲಸ ಹುಡುಕಲು ಹೋಗುತ್ತಿದ್ದೇನೆ’ ಎನ್ನಬೇಡಿ, ಏಕೆಂದರೆ ನೀವು ಹೋಗುತ್ತಿರುವುದು ಸಮ್ಮೇಳನದಲ್ಲಿ ಭಾಗವಹಿಸಲು, ಅದನ್ನೇ ನೇರವಾಗಿ, ಪ್ರಾಮಾಣಿಕವಾಗಿ ಹೇಳಿ, ನೋಂದಣಿಯ ಪತ್ರವನ್ನು ಜೊತೆಗಿಟ್ಟುಕೊಳ್ಳಿ. ಈ ವೀಸಾದ ಮೇಲೆ ಅಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಸಮ್ಮೇಳನದಲ್ಲಿ ಕೆಲವು ಗಂಟೆ ಸೇವೆ ಮಾಡಿದವರಿಗೆ ಪಾಸ್ ಕೊಡುವ ಸ್ವಯಂಸೇವಕ ಯೋಜನೆಯೊಂದಿದೆ. ಅದಕ್ಕೆ ಸೇರುವ ಮೊದಲು ನಿಮ್ಮ ವೀಸಾ ಅದಕ್ಕೆ ಅನುಮತಿ ಕೊಡುತ್ತದೆಯೇ ಎಂದು ಆಯೋಜಕರಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

3. ಪಾಸ್: ಕೊಳ್ಳುವ ಮುನ್ನ ವೇಳಾಪಟ್ಟಿ ಓದಿ

ಬಹುಕಾಲ ಜಿಡಿಸಿಯಲ್ಲಿ ಹಲವು ದರ್ಜೆಯ ಪಾಸ್‌ಗಳಿದ್ದವು. ಎಲ್ಲಕ್ಕಿಂತ ಅಗ್ಗದ ಎಕ್ಸ್‌ಪೋ ಪಾಸ್ ಕೊಂಡವರು ಪ್ರದರ್ಶನ ಮಳಿಗೆಗಳನ್ನು ನೋಡಬಹುದಾಗಿತ್ತೇ ಹೊರತು ಮುಖ್ಯ ಉಪನ್ಯಾಸಗಳಿಗೆ ಅವರಿಗೆ ಪ್ರವೇಶವಿರಲಿಲ್ಲ. 2026ರ ಆವೃತ್ತಿಗೆ ‘ಜಿಡಿಸಿ ಫೆಸ್ಟಿವಲ್ ಆಫ್ ಗೇಮಿಂಗ್’ ಎಂಬ ಹೆಸರಿಟ್ಟು ಪಾಸ್‌ಗಳ ವಿಂಗಡಣೆಯನ್ನೂ ಬದಲಾಯಿಸಲಾಯಿತು. ಆದ್ದರಿಂದ ಹಳೆಯ ಸಲಹೆಗಳನ್ನು ನಂಬಿ ಕೊಳ್ಳದೆ, ನೀವು ಹೋಗುವ ವರ್ಷದ ಪಾಸ್‌ನಲ್ಲಿ ಆಡಿಯೊ ವಿಭಾಗದ ಉಪನ್ಯಾಸ ಮತ್ತು ದುಂಡುಮೇಜಿನ ಚರ್ಚೆಗಳು ಸೇರಿವೆಯೇ ಎಂದು ನೋಡಿ. ಮುಂಚಿತವಾಗಿ ಕೊಳ್ಳುವವರಿಗೆ ರಿಯಾಯಿತಿ ಇರುತ್ತದೆ.

ಹಣ ತೀರಾ ಕಡಿಮೆಯಿದ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಬೇರೆ ಕಾರಣದಿಂದ ಹೇಗೂ ಹೋಗುವವರಿದ್ದರೆ ಒಂದು ವಿಷಯ ತಿಳಿದಿರಲಿ: ಬಳಗದ ಬಹಳಷ್ಟು ಭೇಟಿಗಳು ಪಾಸ್ ಕೇಳದ ಜಾಗಗಳಲ್ಲೇ ನಡೆಯುತ್ತವೆ. ಬೇ ಏರಿಯಾದಲ್ಲೇ ನೆಲೆಸಿರುವ ಕನ್ನಡಿಗ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಪಾಸ್ ಇಲ್ಲದೆಯೂ ಅವರು ಒಂದು ವಾರ ಈ ಬಳಗದೊಂದಿಗೆ ಕಳೆಯಬಹುದು.

4. ಡೆಮೊ ರೀಲ್ ಸಿದ್ಧಪಡಿಸಿ

ಅತ್ಯಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಡೆಮೊ ರೀಲ್ ಎಂದರೆ ನಿಮ್ಮ ಅತ್ಯುತ್ತಮ ಕೆಲಸವನ್ನು ತೋರಿಸುವ ಚಿಕ್ಕ ವಿಡಿಯೊ. ಒಂದೂವರೆ, ಹೆಚ್ಚೆಂದರೆ ಎರಡು ನಿಮಿಷ ಸಾಕು. ಮೊದಲ ಹದಿನೈದು ಸೆಕೆಂಡಿನಲ್ಲೇ ನಿಮ್ಮ ಶ್ರೇಷ್ಠ ತುಣುಕು ಬರಬೇಕು, ಏಕೆಂದರೆ ನೇಮಕಾತಿ ಮಾಡುವವರು ಅಲ್ಲಿಂದ ಮುಂದೆ ನೋಡಬೇಕೋ ಬೇಡವೋ ಎಂದು ಆಗಲೇ ತೀರ್ಮಾನಿಸಿರುತ್ತಾರೆ. ಹೆಸರು ತಿರುಗುತ್ತಾ ಮೂಡಿಬರುವ ಉದ್ದನೆಯ ಶೀರ್ಷಿಕೆ ಬೇಡ.

ಹೊಸಬರು ಸಾಮಾನ್ಯವಾಗಿ ಪ್ರಸಿದ್ಧ ಆಟವೊಂದರ ಟ್ರೈಲರ್ ತೆಗೆದುಕೊಂಡು, ಅದರ ಧ್ವನಿಯನ್ನು ಅಳಿಸಿ, ತಮ್ಮದನ್ನು ಕೂಡಿಸುತ್ತಾರೆ. ಅಭ್ಯಾಸಕ್ಕೆ ಅದು ಒಳ್ಳೆಯದು. ಆದರೆ ಅದರಿಂದ ನೀವು ಸಿನಿಮಾದ ಧ್ವನಿ ಮಾಡಬಲ್ಲಿರಿ ಎಂದಷ್ಟೇ ಗೊತ್ತಾಗುತ್ತದೆ. ಆಟದ ಧ್ವನಿಯ ಮೂಲ ಸಮಸ್ಯೆಯೇ ಬೇರೆ. ಆಟಗಾರ ಯಾವ ಕ್ಷಣದಲ್ಲಿ ಏನು ಮಾಡುತ್ತಾನೆ ಎಂಬುದು ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಅವನು ಅದೇ ಬಾಗಿಲನ್ನು ನೂರು ಸಲ ತೆರೆಯಬಹುದು, ಮರಳಿನಿಂದ ಕಲ್ಲಿಗೆ ಕಾಲಿಡಬಹುದು, ಯುದ್ಧದ ನಡುವೆ ಹತ್ತು ನಿಮಿಷ ಸುಮ್ಮನೆ ನಿಲ್ಲಬಹುದು. ಇವೆಲ್ಲಕ್ಕೂ ಸದ್ದು ಹೊಂದಿಕೊಳ್ಳುವಂತೆ ಆಟದೊಳಗೆ ಜೋಡಿಸುವ ಕೆಲಸವನ್ನು ಇಂಪ್ಲಿಮೆಂಟೇಷನ್ ಎನ್ನುತ್ತಾರೆ. ಇದಕ್ಕೆ ಬಳಸುವ ತಂತ್ರಾಂಶವನ್ನು ಆಡಿಯೊ ಮಿಡಲ್‌ವೇರ್ ಎನ್ನುತ್ತಾರೆ. ಅದು ನಿಮ್ಮ ಧ್ವನಿ ಕಡತಗಳಿಗೂ ಆಟವನ್ನು ನಡೆಸುವ ಎಂಜಿನ್‌ಗೂ ನಡುವೆ ನಿಂತು, ಯಾವ ಸ್ಥಿತಿಯಲ್ಲಿ ಯಾವ ಸದ್ದು ಹೇಗೆ ಕೇಳಬೇಕೆಂಬ ನಿಯಮಗಳನ್ನು ನಿರ್ವಹಿಸುತ್ತದೆ. ಮಾಂಟ್ರಿಯಲ್‌ನ ಆಡಿಯೊಕೈನೆಟಿಕ್ ಸಂಸ್ಥೆಯ ವೈಸ್ ಮತ್ತು ಮೆಲ್ಬರ್ನ್‌ನ ಫೈರ್‌ಲೈಟ್ ಟೆಕ್ನಾಲಜೀಸ್ ಸಂಸ್ಥೆಯ ಎಫ್‌ಮೋಡ್ ಹೆಚ್ಚು ಬಳಕೆಯಲ್ಲಿವೆ. ಎರಡನ್ನೂ ಕಲಿಕೆಗೆ ಉಚಿತವಾಗಿ ಬಳಸಬಹುದು. ವೈಸ್‌ನ ಆರಂಭಿಕ ಪಾಠಗಳೂ ಉಚಿತ.

ಆದ್ದರಿಂದ ರೀಲ್‌ನ ಜೊತೆಗೆ ಇನ್ನೊಂದು ಪ್ರತ್ಯೇಕ ವಿಡಿಯೊ ಮಾಡಿ. ಪರದೆಯ ಒಂದು ಬದಿಯಲ್ಲಿ ಆಟ, ಇನ್ನೊಂದು ಬದಿಯಲ್ಲಿ ಮಿಡಲ್‌ವೇರ್ ಕಾಣುವಂತಿಟ್ಟು, ‘ಹೆಜ್ಜೆ ಸಪ್ಪಳಕ್ಕೆ ಎಷ್ಟು ಪರ್ಯಾಯ ತುಣುಕುಗಳಿವೆ, ನೆಲ ಬದಲಾದಾಗ ಏನಾಗುತ್ತದೆ, ಆಟಗಾರನ ಪ್ರಾಣಶಕ್ತಿ ಕಡಿಮೆಯಾದಾಗ ಸಂಗೀತದ ಪದರಗಳು ಹೇಗೆ ಬದಲಾಗುತ್ತವೆ’ ಎಂದು ನಿಮ್ಮದೇ ದನಿಯಲ್ಲಿ ವಿವರಿಸಿ. ಮೂರು ನಿಮಿಷದ ಇಂಥ ವಿಡಿಯೊಗೆ ಹೊಳೆಯುವ ಟ್ರೈಲರ್ ರೀಲ್‌ಗಿಂತ ಹೆಚ್ಚು ಬೆಲೆಯಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಧ್ವನಿಯ ಪ್ರಮಾಣದ ಬಗ್ಗೆಯೂ ಒಂದು ಮಾತು. ಎಲ್‌ಯುಎಫ್‌ಎಸ್ ಎಂಬುದು ಒಂದು ಧ್ವನಿ ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಮಾಪನ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳಿಗೆ ಸೋನಿ ರೂಪಿಸಿದ ಮಾರ್ಗಸೂಚಿ -24ರ ಆಸುಪಾಸನ್ನು, ಕೈಯಲ್ಲಿ ಹಿಡಿದು ಆಡುವ ಸಾಧನಗಳಿಗೆ -18ರ ಆಸುಪಾಸನ್ನು ಸೂಚಿಸುತ್ತದೆ. ಕನಿಷ್ಠ ಅರ್ಧ ಗಂಟೆಯ ಆಟವನ್ನು ಅಳೆದು ಈ ಅಂಕಿಗೆ ಬರಬೇಕು. ನಿಮ್ಮ ರೀಲ್ ಇದಕ್ಕಿಂತ ಸ್ವಲ್ಪ ಜೋರಾಗಿದ್ದರೆ ತೊಂದರೆಯಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೂ ಒಂದೇ ಎತ್ತರದಲ್ಲಿ ಅಬ್ಬರಿಸುವ, ಮೌನಕ್ಕೆ ಎಡೆಯೇ ಇಲ್ಲದ ರೀಲ್ ಅನುಭವಿಗಳ ಕಿವಿಗೆ ಕೂಡಲೇ ಗೊತ್ತಾಗುತ್ತದೆ.

ಎಚ್ಚರಿಕೆ: ತಂಡದ ಕೆಲಸದಲ್ಲಿ ನಿಮ್ಮ ಪಾಲು ಯಾವುದು ಎಂದು ಪರದೆಯ ಮೇಲೆ ಬರೆಯಿರಿ. ಕೊಂಡ ಅಥವಾ ಉಚಿತವಾಗಿ ಪಡೆದ ಧ್ವನಿ ಸಂಗ್ರಹದಿಂದ ತೆಗೆದ ತುಣುಕನ್ನು ಹಾಗೆಯೇ ಇಟ್ಟು ನಿಮ್ಮದೆನ್ನಬೇಡಿ. ಸೋನಿಸ್ ಸಂಸ್ಥೆ ಜಿಡಿಸಿಯ ಹೊತ್ತಿಗೆ ಉಚಿತವಾಗಿ ಬಿಡುಗಡೆ ಮಾಡುವ ದೊಡ್ಡ ಧ್ವನಿ ಸಂಗ್ರಹದ ಸದ್ದುಗಳನ್ನು ಈ ಬಳಗದವರು ಕೇಳಿದೊಡನೆ ಗುರುತಿಸಬಲ್ಲರು. ಅವನ್ನು ಕಚ್ಚಾ ವಸ್ತುವಾಗಿ ಬಳಸಿ, ನಿಮ್ಮದೇ ರೆಕಾರ್ಡಿಂಗ್‌ಗಳೊಂದಿಗೆ ಬೆರೆಸಿ.

5. ಹೊರಡುವ ಮುನ್ನವೇ ಪರಿಚಯ ಮಾಡಿಕೊಳ್ಳಿ

ಬಳಗ ವರ್ಷವಿಡೀ ಆನ್‌ಲೈನ್‌ನಲ್ಲಿ ಮಾತನಾಡುತ್ತಿರುತ್ತದೆ. ಸಮ್ಮೇಳನಕ್ಕೆ ಎರಡು ಮೂರು ತಿಂಗಳ ಮೊದಲಿನಿಂದ ಅಲ್ಲಿ ಓದುತ್ತಾ, ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳಿಗೆ ಉತ್ತರಿಸುತ್ತಾ ಬನ್ನಿ. ಹಿಂದಿನ ವರ್ಷಗಳ ಜಿಡಿಸಿ ಆಡಿಯೊ ಉಪನ್ಯಾಸಗಳಲ್ಲಿ ಅನೇಕವು ಉಚಿತವಾಗಿ ನೋಡಸಿಗುತ್ತವೆ. ನಿಮಗೆ ಇಷ್ಟವಾದ ಉಪನ್ಯಾಸಕರಿಗೆ ಒಂದು ನಿರ್ದಿಷ್ಟ ಪ್ರಶ್ನೆಯೊಂದಿಗೆ ಚಿಕ್ಕ ಸಂದೇಶ ಕಳುಹಿಸಿ. ‘ನನಗೆ ಮಾರ್ಗದರ್ಶನ ಮಾಡಿ’ ಎಂಬ ವಿಶಾಲವಾದ ಕೋರಿಕೆಗೆ ಉತ್ತರ ಬರುವುದು ಅಪರೂಪ, ‘ಮಳೆಯ ಸದ್ದಿನಲ್ಲಿ ನೀವು ಮೂರು ಪದರ ಬಳಸಿದ್ದೇಕೆ’ ಎಂಬ ಪ್ರಶ್ನೆಗೆ ಬರುತ್ತದೆ. ಅನೌಪಚಾರಿಕ ಭೇಟಿಗಳ ಜಾಗ ಮತ್ತು ಸಮಯ ಪ್ರಕಟವಾಗುವುದೂ ಇಂಥ ಗುಂಪುಗಳಲ್ಲೇ, ಸಮ್ಮೇಳನದ ಅಧಿಕೃತ ವೇಳಾಪಟ್ಟಿಯಲ್ಲಲ್ಲ.

6. ಅಲ್ಲಿಯ ದಿನವನ್ನು ಸರಿಯಾಗಿ ಹಂಚಿಕೊಳ್ಳಿ

ಎರಡು ದಿನ ಮೊದಲೇ ತಲುಪಿ. ಅಮೆರಿಕದಲ್ಲಿ ಬೇಸಿಗೆ ಸಮಯ ಆರಂಭವಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಹಗಲು ರಾತ್ರಿ ಪೂರ್ತಿ ಅದಲುಬದಲಾಗುವುದರಿಂದ ಸೋಮವಾರ ಬೆಳಿಗ್ಗೆ ಇಳಿದು ನೇರವಾಗಿ ಉಪನ್ಯಾಸಕ್ಕೆ ಹೋದವರು ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ. ವಿಮಾನ ನಿಲ್ದಾಣದಿಂದ ಬಾರ್ಟ್ ರೈಲಿನಲ್ಲಿ ಪವೆಲ್ ಸ್ಟ್ರೀಟ್ ನಿಲ್ದಾಣಕ್ಕೆ ಬಂದರೆ ಮಾಸ್ಕೋನ್ ಸೆಂಟರ್‌ಗೆ ನಡೆದೇ ಹೋಗಬಹುದು. ಮಾರ್ಚ್‌ನಲ್ಲಿ ಅಲ್ಲಿ ಗಾಳಿ ತಣ್ಣಗಿರುತ್ತದೆ, ಒಂದು ಸ್ವೆಟರ್ ಕೈಯಲ್ಲಿರಲಿ.

ಮಾಸ್ಕೋನ್‌ಗೆ ಹೊಂದಿಕೊಂಡಂತೆ ಯೆರ್ಬಾ ಬ್ಯೂನಾ ಗಾರ್ಡನ್ಸ್ ಎಂಬ ಉದ್ಯಾನವಿದೆ. ಅಲ್ಲಿನ ಮಕ್ಕಳ ವಸ್ತುಸಂಗ್ರಹಾಲಯದ ಬಳಿ 1906ರಲ್ಲಿ ತಯಾರಾದ, ಮರದ ಕುದುರೆಗಳು ಸುತ್ತುವ ಒಂದು ಹಳೆಯ ಕರೋಸೆಲ್ ಇದೆ. ಗೇಮ್ ಆಡಿಯೊದವರು ಸಮ್ಮೇಳನದ ದಿನಗಳಲ್ಲಿ ಸೇರುವ ಠಿಕಾಣಿಯಾಗಿ ಈ ಜಾಗ ಹೆಸರಾಗಿದೆ. ಬೆಳಗಿನ ಕಾಫಿ ಕೂಟಗಳೂ ಬಹಳ ವರ್ಷಗಳಿಂದ ನಡೆದುಬಂದಿವೆ. ಟಿಕೆಟ್ ಬೇಡ, ಆಹ್ವಾನ ಬೇಡ. ಸ್ಥಳ ಮಾತ್ರ ಆಯಾ ವರ್ಷ ಖಚಿತಪಡಿಸಿಕೊಳ್ಳಿ. ನಾನು ಹೊಸಬರಿಗೆ ಕೊಡುವ ಅತಿ ಮುಖ್ಯ ಸಲಹೆ, ಪ್ರತಿದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಎಂಬುದು. ಮೊದಲ ದಿನ ಯಾರೂ ಗೊತ್ತಿರುವುದಿಲ್ಲ. ಎರಡನೆಯ ದಿನ ನಿನ್ನೆ ನೋಡಿದ ಮುಖಗಳೇ ಎದುರಾಗುತ್ತವೆ. ಮೂರನೆಯ ದಿನದ ಹೊತ್ತಿಗೆ ಯಾರೋ ನಿಮ್ಮನ್ನು ಇನ್ನೊಬ್ಬರಿಗೆ ಪರಿಚಯಿಸುತ್ತಿರುತ್ತಾರೆ.

ಸಭಾಂಗಣದೊಳಗೆ ಉಪನ್ಯಾಸ ಮತ್ತು ದುಂಡುಮೇಜಿನ ಚರ್ಚೆ ಒಂದೇ ಹೊತ್ತಿಗೆ ಬಂದರೆ ಚರ್ಚೆಯನ್ನೇ ಆರಿಸಿ. ಉಪನ್ಯಾಸಗಳನ್ನು ರೆಕಾರ್ಡ್ ಮಾಡಿ ಜಿಡಿಸಿ ವಾಲ್ಟ್ ಎಂಬ ಸಂಗ್ರಹದಲ್ಲಿ ಇಡುತ್ತಾರೆ, ಅವನ್ನು ಊರಿಗೆ ಮರಳಿದ ಮೇಲೂ ನೋಡಬಹುದು. ದುಂಡುಮೇಜಿನ ಚರ್ಚೆ ರೆಕಾರ್ಡ್ ಆಗುವುದಿಲ್ಲ. ಆ ಕಾರಣಕ್ಕೇ ಅಲ್ಲಿ ಜನ ತಮ್ಮ ಕೆಲಸದ ಕಷ್ಟಗಳನ್ನು ಬಿಚ್ಚಿ ಹೇಳುತ್ತಾರೆ: ಮೆಮೊರಿ ಸಾಲದೆ ಯಾವ ಸದ್ದು ಬಿಟ್ಟುಕೊಟ್ಟರು, ಸಾವಿರಾರು ಸಾಲು ಸಂಭಾಷಣೆಯನ್ನು ಹಲವು ಭಾಷೆಗಳಲ್ಲಿ ಹೇಗೆ ನಿಭಾಯಿಸಿದರು, ಪ್ರೋಗ್ರಾಮರ್‌ಗಳ ಸಮಯ ಸಿಗದೆ ಏನು ಮಾಡಿದರು ಎಂಬಂಥವು. ಗ್ಯಾಂಗ್ ಸಂಘ ನಡೆಸುವ ಡೆಮೊ ಡರ್ಬಿಯೂ ನಿಮ್ಮ ಪಟ್ಟಿಯಲ್ಲಿರಲಿ. ಅಲ್ಲಿ ಹೊಸಬರ ಚಿಕ್ಕ ತುಣುಕುಗಳನ್ನು ಎಲ್ಲರೆದುರು ಕೇಳಿಸಿ, ಅನುಭವಿಗಳ ಸಮಿತಿ ವಿಮರ್ಶೆ ಮಾಡುತ್ತದೆ. ಆ ವರ್ಷ ನಡೆಯುತ್ತಿದೆಯೇ, ಹೆಸರು ಕೊಡುವುದು ಹೇಗೆ ಎಂದು ಮುಂಚಿತವಾಗಿ ನೋಡಿಕೊಳ್ಳಿ. ನಿಮ್ಮ ತುಣುಕಿಗೆ ಅವಕಾಶ ಸಿಗದಿದ್ದರೂ ಬೇರೆಯವರ ಕೆಲಸದ ವಿಮರ್ಶೆ ಕೇಳುವುದೇ ಒಂದು ಪಾಠ.

7. ಮಾತು ಆರಂಭಿಸುವ ಮತ್ತು ಮುಗಿಸುವ ಬಗೆ

ನಮ್ಮಲ್ಲಿ ಹಿರಿಯರನ್ನು ‘ಸರ್’, ‘ಮೇಡಂ’ ಎನ್ನುವುದು ಸಹಜ. ಅಲ್ಲಿ ಎಷ್ಟೇ ದೊಡ್ಡವರಾದರೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ನೀವೂ ಹಾಗೆಯೇ ಕರೆಯಿರಿ, ಅದು ಅಗೌರವವಲ್ಲ. ಗುಂಪೊಂದು ಮಾತನಾಡುತ್ತಿದ್ದರೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬಹುದು, ಸ್ವಲ್ಪ ಹೊತ್ತಿಗೆ ಅವರೇ ಜಾಗ ಮಾಡಿಕೊಡುತ್ತಾರೆ. ‘ಈಗ ಯಾವುದರ ಮೇಲೆ ಕೆಲಸ ಮಾಡುತ್ತಿದ್ದೀರಿ’ ಎಂದು ಕೇಳುವುದಕ್ಕಿಂತ ‘ಇಂದು ಯಾವ ಚರ್ಚೆ ಇಷ್ಟವಾಯಿತು’ ಎಂದು ಕೇಳುವುದು ಒಳ್ಳೆಯದು, ಏಕೆಂದರೆ ಬಹುತೇಕರು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ ಮತ್ತು ಬಿಡುಗಡೆಯಾಗದ ಆಟದ ಬಗ್ಗೆ ಹೇಳುವಂತಿಲ್ಲ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ವಿದೇಶಿ ಆಟಗಳಿಗೆ ಕೆಲಸ ಮಾಡುತ್ತಿರುವವರಿಗೂ ಇದೇ ನಿಯಮ ಅನ್ವಯ: ನಿಮ್ಮ ಒಪ್ಪಂದ ಏನನ್ನು ಹೇಳಲು ಬಿಡುತ್ತದೆ ಎಂಬುದನ್ನು ಹೊರಡುವ ಮುನ್ನ ಓದಿಕೊಂಡು ಹೋಗಿ.

ಸಾಮಾನ್ಯ ತಪ್ಪುಗಳು ಇಲ್ಲೇ ಹೆಚ್ಚು. ಪರಿಚಯವಾದ ಮೊದಲ ನಿಮಿಷದಲ್ಲೇ ಕೆಲಸ ಕೇಳುವುದು ಒಂದು. ಎದುರಿನವರ ಕಿವಿಗೆ ಹೆಡ್‌ಫೋನ್ ಹಿಡಿದು ರೀಲ್ ಕೇಳಿಸಲು ಒತ್ತಾಯಿಸುವುದು ಇನ್ನೊಂದು. ಅವರಾಗಿಯೇ ಕೇಳಿದರೆ ಮಾತ್ರ ತೋರಿಸಿ, ಇಲ್ಲವಾದರೆ ರೀಲ್‌ಗೆ ಕರೆದೊಯ್ಯುವ ಕ್ಯೂಆರ್ ಸಂಕೇತವಿರುವ ವಿಸಿಟಿಂಗ್ ಕಾರ್ಡ್ ಕೊಡಿ. ಪ್ರಸಿದ್ಧರ ಸುತ್ತಲೇ ಸುಳಿಯುವುದು ಮೂರನೆಯ ತಪ್ಪು ಮತ್ತು ಎಲ್ಲಕ್ಕಿಂತ ದೊಡ್ಡದು. ನಿಮ್ಮಂತೆಯೇ ಹೊಸದಾಗಿ ಬಂದು ಗೋಡೆಗೆ ಒರಗಿ ನಿಂತವರನ್ನು ಮಾತನಾಡಿಸಿ. ಹತ್ತು ವರ್ಷಗಳ ನಂತರ ಈ ಕ್ಷೇತ್ರವನ್ನು ನಡೆಸುವವರು ಅವರೇ. ಮಾತು ಮುಗಿದಾಗ ಸಂಕೋಚವಿಲ್ಲದೆ ‘ಮತ್ತೆ ಸಿಗೋಣ’ ಎಂದು ಬೀಳ್ಕೊಡಿ, ಆ ಕೂಡಲೇ ಪಕ್ಕಕ್ಕೆ ಸರಿದು ಕಾರ್ಡ್‌ನ ಹಿಂಬದಿಯಲ್ಲಿ ಏನು ಮಾತನಾಡಿದಿರಿ ಎಂದು ಎರಡು ಪದ ಬರೆದುಕೊಳ್ಳಿ.

ಸಂಜೆಯ ಕೂಟಗಳಲ್ಲಿ ಅನೇಕವು ಬಾರ್‌ಗಳಲ್ಲಿ ನಡೆಯುತ್ತವೆ. ಕ್ಯಾಲಿಫೋರ್ನಿಯದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 21 ಆದ್ದರಿಂದ ಅದಕ್ಕಿಂತ ಕಿರಿಯರನ್ನು ಬಹಳಷ್ಟು ಬಾರ್‌ಗಳು ಒಳಗೇ ಬಿಡುವುದಿಲ್ಲ. ಹಿರಿಯರೂ ವಯಸ್ಸಿನ ಪುರಾವೆಯಾಗಿ ಪಾಸ್‌ಪೋರ್ಟ್ ತೋರಿಸಬೇಕಾಗಬಹುದು. ಕುಡಿಯದವರು ಜ್ಯೂಸ್ ಹಿಡಿದು ನಿಂತರೆ ಯಾರೂ ಪ್ರಶ್ನಿಸುವುದಿಲ್ಲ. ಜೋರಾದ ಸಂಗೀತವಿರುವ ಕಡೆ ಕಿವಿಯೊಳಗೆ ಇಡುವ ಬಿರಡೆಗಳನ್ನು ತಪ್ಪದೆ ಬಳಸಿ, ನಿಮ್ಮ ಜೀವನೋಪಾಯ ಆ ಕಿವಿಗಳ ಮೇಲಿದೆ. ಅಹಿತಕರ ವರ್ತನೆ ಎದುರಾದರೆ ಸಹಿಸಿಕೊಂಡು ಸುಮ್ಮನಿರಬೇಡಿ. ಸಮ್ಮೇಳನಕ್ಕೆ ನಡವಳಿಕೆಯ ಸಂಹಿತೆಯಿದೆ, ದೂರು ಕೊಡುವ ವ್ಯವಸ್ಥೆಯೂ ಇದೆ.

8. ಮರಳಿದ ಮೇಲಿನ ಎರಡು ವಾರ

ಊರಿಗೆ ಬಂದ ಒಂದು ವಾರದೊಳಗೆ ಪರಿಚಯವಾದವರಿಗೆ ಪ್ರತ್ಯೇಕವಾಗಿ ಬರೆಯಿರಿ. ಎಲ್ಲರಿಗೂ ಒಂದೇ ಸಂದೇಶವನ್ನು ನಕಲು ಮಾಡಿ ಕಳುಹಿಸಬೇಡಿ. ಎಲ್ಲಿ ಭೇಟಿಯಾದಿರಿ, ಏನು ಮಾತನಾಡಿದಿರಿ, ಅವರು ಹೇಳಿದ್ದರಲ್ಲಿ ಯಾವುದನ್ನು ಬಂದ ಮೇಲೆ ಪ್ರಯೋಗಿಸಿ ನೋಡಿದಿರಿ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ಉತ್ತರ ಬರದಿದ್ದರೆ ಬೇಸರಿಸಬೇಡಿ, ಆ ತಿಂಗಳು ಎಲ್ಲರ ಅಂಚೆಪೆಟ್ಟಿಗೆಯೂ ತುಂಬಿರುತ್ತದೆ. ಎರಡನೆಯ ಸಲ ಬರೆಯುವುದಾದರೆ ನಿಮ್ಮ ಹೊಸ ಕೆಲಸ ಸಿದ್ಧವಾದಾಗ ಬರೆಯಿರಿ.

9. ಹೋಗಲಾಗದವರಿಗೆ

ಗೇಮ್ ಆಡಿಯೊಗೇ ಮೀಸಲಾದ ಗೇಮ್‌ಸೌಂಡ್‌ಕಾನ್ ಎಂಬ ಸಮ್ಮೇಳನವನ್ನು ಬ್ರಯನ್ ಶ್ಮಿಟ್ 2009ರಲ್ಲಿ ಆರಂಭಿಸಿದರು. ವೇತನ ಮತ್ತು ಕೆಲಸದ ಪರಿಸ್ಥಿತಿಯ ಕುರಿತು ಅದು ಪ್ರಕಟಿಸುವ ಸಮೀಕ್ಷೆಯನ್ನು ಮನೆಯಲ್ಲೇ ಕುಳಿತು ಓದಬಹುದು, ಓದಲೇಬೇಕು. ನಮ್ಮ ಹತ್ತಿರದಲ್ಲಿ ಹಲವು ವರ್ಷ ಹೈದರಾಬಾದ್‌ನಲ್ಲಿ ನಡೆದ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಇದೆ, ಬೆಂಗಳೂರಿನಲ್ಲಿ ಅನಿಮೇಷನ್ ಉದ್ಯಮದ ಸಂಘಟನೆಯಾದ ಅಬಾಯ್ ನಡೆಸುವ ಗ್ಯಾಫೆಕ್ಸ್ ಇದೆ. ಇವುಗಳಲ್ಲಿ ಧ್ವನಿಗೆ ಮೀಸಲಾದ ಸಮಯ ಕಡಿಮೆ ಎಂಬುದು ನಿಜ. ಆದರೆ ಬೆಂಗಳೂರು ಗೇಮ್ ಉದ್ಯಮಕ್ಕೆ ಹೊಸ ಊರಲ್ಲ; ಧ್ರುವ ಇಂಟರಾಕ್ಟಿವ್ ಇಲ್ಲಿ 1997ರಲ್ಲೇ ಆರಂಭವಾಗಿ, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಧ್ವನಿ ಮಾಡುವವರು ಈ ನಗರದಲ್ಲಿ ಚದುರಿಹೋಗಿದ್ದಾರೆ, ಒಂದು ಕಾಫಿ ಕೂಟಕ್ಕೆ ಸಾಕಾಗುವಷ್ಟು ಮಂದಿ ಖಂಡಿತ ಇದ್ದಾರೆ. ಇಂಥ ಸಮ್ಮೇಳನದ ಬೆಳಿಗ್ಗೆ, ಹತ್ತಿರದ ದರ್ಶಿನಿಯಲ್ಲಿ ಎಂಟು ಗಂಟೆಗೆ ಆಡಿಯೊದವರು ಸೇರೋಣ ಎಂದು ನೀವೇ ಪ್ರಕಟಿಸಿ. ಮೊದಲ ಸಲ ಮೂವರು ಬಂದರೂ ನಡೆಸಿ, ಮರುವರ್ಷ ಅದೇ ಜಾಗ, ಅದೇ ಹೊತ್ತು ಇಡಿ.

ರೀಲ್‌ಗೆ ಹಾಕಲು ಆಟವೇ ಇಲ್ಲ ಎನ್ನುವವರು ಗ್ಲೋಬಲ್ ಗೇಮ್ ಜಾಮ್‌ನಿಂದ ಆರಂಭಿಸಿ. ಗೇಮ್ ಜಾಮ್ ಎಂದರೆ ನಿಗದಿತ ಕಡಿಮೆ ಅವಧಿಯಲ್ಲಿ ತಂಡ ಕಟ್ಟಿ ಒಂದು ಪುಟ್ಟ ಆಟವನ್ನು ಮಾಡಿ ಮುಗಿಸುವ ಕೂಟ. 2009ರಿಂದ ಪ್ರತಿವರ್ಷ ಜನವರಿಯ ಸುಮಾರಿಗೆ ಜಗತ್ತಿನಾದ್ಯಂತ ಇದು ನಡೆಯುತ್ತದೆ. ಬಹುತೇಕ ತಂಡಗಳಲ್ಲಿ ಪ್ರೋಗ್ರಾಮರ್ ಇರುತ್ತಾರೆ, ಚಿತ್ರಕಾರರಿರುತ್ತಾರೆ, ಧ್ವನಿಗೆ ಯಾರೂ ಇರುವುದಿಲ್ಲ. ಎರಡು ತಂಡಗಳಿಗೆ ಒಟ್ಟಿಗೆ ಕೆಲಸ ಮಾಡುತ್ತೇನೆಂದು ಮೊದಲ ದಿನವೇ ಹೇಳಿ. ಒಂದು ಆಟ ಪೂರ್ಣವಾಗದೆ ಉಳಿದರೂ ಇನ್ನೊಂದು ನಿಮ್ಮ ರೀಲ್‌ಗೆ ಸಿಗುತ್ತದೆ.